ಖಂಡೇಪೂಜೆಯ ಬಂದೂಕು

2007ರ ಅಕ್ಟೋಬರ್ 21, ವಿಜಯದಶಮಿ. ಸಂಜೆ ವೀರೇಂದ್ರ ಬ್ಯಾಡಗಿಯ ಠಾಣೆಯ ಮೆಟ್ಟಿಲು ಹತ್ತಿದಾಗ, ಬನ್ನಿ ಕೊಡಲು ಬಂದಿರಬೇಕೆಂದು ಹೆಡ್ ಕಾನ್ಸ್‌ಟೇಬಲ್ ಗಿರಿಯಪ್ಪ ಎದ್ದು ಕೈ ಚಾಚಿದ. ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ, ಮೋಟೆಬೆನ್ನೂರಿನ ಆಚೆಯ ಹಳ್ಳಿಯಲ್ಲಿ ಮನೆ, ಹೊಲ ಇದ್ದ ಮನುಷ್ಯ. ಅವನು ಬನ್ನಿ ಕೊಡಲಿಲ್ಲ. ತನ್ನ ಬಂದೂಕು ಕಳುವಾಗಿದೆ ಎಂದ.

ಇನ್ಸ್‌ಪೆಕ್ಟರ್ ಉಡಚಪ್ಪ ದೂರು ಬರೆಸಿಕೊಂಡರು. ಒಂಟಿ ನಳಿಗೆಯ, ಹನ್ನೆರಡು ಬೋರಿನ ಬಂದೂಕು. ತಂದೆ ಬೆಳೆ ರಕ್ಷಣೆಗೆಂದು ಪಡೆದದ್ದು, ಈಗ ಮಗನ ಹೆಸರಿಗೆ ಪರವಾನಗಿ. ನವಮಿಯಂದು ಖಂಡೇಪೂಜೆ: ಮನೆಯ ಕುಡುಗೋಲು, ಕೊಡಲಿ, ಅಂಗಡಿಯ ತಕ್ಕಡಿ, ಎಲ್ಲವೂ ದೇವರ ಮುಂದೆ ಕೂತಿದ್ದವು. ಬಂದೂಕನ್ನೂ ಕೆಂಪು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಹಾಗೆ ಪೂಜೆಗೆ ಕೂತ ಆಯುಧವನ್ನು ಮರುದಿನ ಬನ್ನಿ ಮುಡಿಯುವವರೆಗೆ ಯಜಮಾನನೂ ಮುಟ್ಟುವಂತಿಲ್ಲ. ಬನ್ನಿ ಮುಡಿದು ಬಂದು ಬಟ್ಟೆ ಬಿಚ್ಚಿದರೆ ಒಳಗಿದ್ದದ್ದು ಅಡುಗೆಮನೆಯ ಒನಕೆ.

“ಉಳಿದ ದಿನ ಎಲ್ಲಿ ಇಡ್ತಿದ್ರಿ?”

“ಒಂದ ಕಡೆ ಅಂತ ಇಲ್ರಿ. ಪ್ಯಾಟಿಗೆ ಬಂದ್ರ ಜೀಪಿನ ಸೀಟಿನ ಹಿಂದ. ಮನ್ಯಾಗಿದ್ರ ಹಾಸಿಗಿ ಬಾಜೂಕ.”

“ಕೀಲಿ ಹಾಕಿದ ಕಪಾಟು?”

“ಕಪಾಟಿನ್ಯಾಗ ಇಟ್ರ ಯಾರ ಅಂಜತಾರ್ರಿ ಸಾಹೇಬ್ರ?”

“ಕಾಡತೂಸು?”

“ಒಂದು ಒಳಗ ಇರತೈತ್ರಿ, ಯಾವಾಗ್ಲೂ.”

“ದೇವರ ಮುಂದ ಇಟ್ಟಾಗೂ?”

“ದೇವರ ಮುಂದ ಖಾಲಿ ಇಡಬಾರದಲ್ರಿ.”

ಉಡಚಪ್ಪ ಪೆನ್ನು ಕೆಳಗಿಟ್ಟರು. ಗುಂಡು ತುಂಬಿದ ಬಂದೂಕೊಂದು ಯಾರ ಕೈಯಲ್ಲಿದೆಯೋ ಗೊತ್ತಿಲ್ಲ. ಅದು ಯಾರ ಎದೆಗೋ ತಾಗುವ ಮೊದಲು ಸಿಗಬೇಕು. ಎಫ್‌ಐಆರ್ ದಾಖಲಾಯಿತು.

ವೀರೇಂದ್ರನಿಗೆ ಆರೋಪಿ ಆಗಲೇ ಸಿಕ್ಕಿದ್ದ. ಹಬ್ಬಕ್ಕೆ ದೇವರ ಕೋಣೆಗೆ ಸುಣ್ಣ ಬಳಿದ ಆಳು ಜಟ್ಟೆಪ್ಪ. “ಎರಡ ಬಿಡ್ರಿ, ಎಲ್ಲಾ ಕಕ್ಕತಾನ” ಎಂದು ಹೇಳಿಯೇ ಅವನು ಹೊರಟ. ಅವನ ಜೀಪು ಊರು ದಾಟುವುದರೊಳಗೆ ಮೇಲಿನಿಂದ ಫೋನೂ ಬಂತು: ಆ ಆಳನ್ನು ಕರೆಸಿ ಕೂಡಿಸಿ. ಸುಣ್ಣ ಬಳಿಯಲು ಒಳಗೆ ಕರೆಯುತ್ತಾರೆ, ಪೂಜೆಯ ಹೊತ್ತಿಗೆ ಹೊಸ್ತಿಲಾಚೆ ನಿಲ್ಲಿಸುತ್ತಾರೆ, ಏನಾದರೂ ಕಳೆದರೆ ಮತ್ತೆ ಅವನ ಹೆಸರನ್ನೇ ಕೂಗುತ್ತಾರೆ. ಜಟ್ಟೆಪ್ಪ ಬಂದು ಠಾಣೆಯ ಗೋಡೆಗೊರಗಿ ಕೂತ. ಯಾರೂ ಹೊಡೆಯಬಾರದೆಂದು ಉಡಚಪ್ಪ ಹೇಳಿದರು. ಮನೆಗೆ ಹೋಗು ಎಂದು ಹೇಳುವ ಧೈರ್ಯ ಅವರಿಗೂ ಇರಲಿಲ್ಲ.

22ರ ಬೆಳಿಗ್ಗೆ ಗಿರಿಯಪ್ಪ, ಮಹಿಳಾ ಪೇದೆ ಬಿಸ್ಮಿಲ್ಲಾಬಿ ಮತ್ತು ಇಬ್ಬರು ಪಂಚರೊಂದಿಗೆ ಸ್ಥಳ ಪಂಚನಾಮೆ ನಡೆಯಿತು. ಬಾಗಿಲ ಬೀಗ ಮುರಿದಿರಲಿಲ್ಲ, ಹಂಚು ಸರಿದಿರಲಿಲ್ಲ. ಉಡಚಪ್ಪ ಒನಕೆಯನ್ನು ಬೆಳಕಿಗೆ ಹಿಡಿದು ನೋಡಿದರು. ಎರಡೂ ತುದಿಗೆ ವಿಭೂತಿ, ಕುಂಕುಮ. ಅದಕ್ಕೆ ಕಟ್ಟಿದ್ದ ನೂಲು ಕೊಡಲಿ, ಕುಡುಗೋಲಿಗೆ ಕಟ್ಟಿದ್ದ ಹಾಗೆಯೇ ಇತ್ತು.

ಹೊರಗಿನ ಕಳ್ಳ ಬಂದೂಕು ಎತ್ತಿಕೊಂಡು ಓಡುತ್ತಾನೆ. ಕೂತು ಒನಕೆಗೆ ಕುಂಕುಮ ಹಚ್ಚುವುದಿಲ್ಲ.

ಒನಕೆ ಎಲ್ಲಿತ್ತು ಎಂದು ನೋಡಲು ಅವರು ಅಡುಗೆಮನೆಗೆ ಹೋದರು. ಅಲ್ಲಿನ ಬಾಗಿಲ ಹಲಗೆಯಲ್ಲಿ ಸಣ್ಣಸಣ್ಣ ತೂತುಗಳ ಗುಂಪು. ಯಾರೋ ಅವಕ್ಕೆ ಮೇಣ ತುಂಬಿದ್ದರು. ಒಲೆಯ ಮುಂದೆ ನಿಂತವರ ಎದೆಯ ಎತ್ತರಕ್ಕಿದ್ದವು.

“ಇದು?”

“ಒರೆಸುವಾಗ ಹಾರಿತ್ರಿ, ಶ್ರಾವಣದಾಗ” ಎಂದ ವೀರೇಂದ್ರ. “ಯಾರಿಗೂ ಏನೂ ಆಗಿಲ್ಲ.”

ಒಲೆಯ ಬಳಿ ಅವನ ಹೆಂಡತಿ ಪುಷ್ಪಲತಾ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಲಿಲ್ಲ. ಬಂದೂಕು ಸುತ್ತಿಟ್ಟವರು ಯಾರೆಂದು ಕೇಳಿದ್ದಕ್ಕೆ ‘ನಾನ ರೀ’ ಎಂದಳು. ಬಂದೂಕು ಎಲ್ಲಿದೆ ಎಂದರೆ ‘ಗೊತ್ತಿಲ್ರಿ’. ತೂತುಗಳನ್ನು ಪಂಚನಾಮೆಗೆ ಸೇರಿಸುವಾಗ, ಕಳ್ಳತನದ ಕೇಸಿಗೆ ಬಾಗಿಲೇಕೆ ಬೇಕೆಂದು ಪಂಚನೊಬ್ಬ ತಕರಾರು ತೆಗೆದ. ಅವನೂ ಪೇಟೆಯ ದಲಾಲನೇ. ಉಡಚಪ್ಪ ಬರೆಸಿದರು.

ಮಧ್ಯಾಹ್ನ ರಾಣೆಬೆನ್ನೂರು. ಪುಷ್ಪಲತಾಳ ಅಣ್ಣ ಚೇತನಕುಮಾರನದು ಬೀಜದ ಅಂಗಡಿ. ಪೊಲೀಸರನ್ನು ಗಿರಾಕಿಗಳು ನೋಡಬಾರದೆಂದು ಒಳಗೆ ಕರೆದೊಯ್ದು ಚಹಾ ತರಿಸಿದ. ತಂಗಿ ಈ ವರ್ಷ ಮೂರು ಸಲ ತವರಿಗೆ ಬಂದಿದ್ದಳಂತೆ. ಮೂರೂ ಸಲ ತಿಳಿಹೇಳಿ ಅವನೇ ಬಿಟ್ಟು ಬಂದಿದ್ದನಂತೆ.

“ಯಾಕ ಬಂದಿದ್ಲು?”

“ಬಂದೂಕಿನ ಅಂಜಿಕಿ ಅಂತರಿ. ಸಾರಿಗೆ ಉಪ್ಪು ಕಡಿಮಿ ಆದ್ರ ಬಂದೂಕು ತಗೀತಾನ ಅಂತಿದ್ಲು. ಒಮ್ಮಿ ಮಾತ್ರ ಹಾರಿಸ್ಯಾನ. ಹೊಡದಿಲ್ರಿ, ಹೆದರಿಸ್ಯಾನ.”

“ನೀವೇನಂದ್ರಿ?”

“ಗಂಡಸರ ಸಿಟ್ಟು, ಇಳೀತೈತಿ ಅಂದೆ.” ಚೇತನಕುಮಾರ ಚಹಾದ ಲೋಟ ತಿರುಗಿಸುತ್ತ ಕೂತ. “ನಮಗೂ ಎರಡು ಹೆಣ್ಣುಮಕ್ಕಳದಾವ ಸಾಹೇಬ್ರ. ತಂಗೀನ ಮನ್ಯಾಗ ಇಟ್ಕೊಂಡ್ರ ನಾಳೆ ಅವಕ್ಕ ಯಾರ ಬರ್ತಾರ?”

ಉಡಚಪ್ಪ ಚಹಾ ಮುಟ್ಟದೆ ಎದ್ದರು.

ಸಂಜೆ ಅವರು ಮತ್ತೆ ಆ ಮನೆಗೆ ಬಂದಾಗ ವೀರೇಂದ್ರ ಪೇಟೆಯಲ್ಲಿದ್ದ. ಬಿಸ್ಮಿಲ್ಲಾಬಿ ಹಿತ್ತಲಲ್ಲಿ ಪುಷ್ಪಲತಾಳ ಪಕ್ಕ ಕೂತಳು. ಉಡಚಪ್ಪ ನಿಂತೇ ಇದ್ದರು. ರಾಣೆಬೆನ್ನೂರಿಗೆ ಹೋಗಿ ಬಂದದ್ದನ್ನು ಹೇಳಿದರೂ ಆಕೆ ಬಾಯಿ ಬಿಡಲಿಲ್ಲ.

“ಜಟ್ಟೆಪ್ಪ ನಿನ್ನೆಯಿಂದ ಠಾಣೇದಾಗ ಕುಂತಾನ, ತಂಗಿ. ನಾ ಇರೂತನಕ ಯಾರೂ ಕೈ ಹಚ್ಚಂಗಿಲ್ಲ. ನನ್ನನ್ನ ಈ ಕೇಸಿನಿಂದ ತಗದ್ರ ಏನಾಕ್ಕೈತೋ ನಾ ಹೇಳಲಾರೆ.”

ಆಕೆ ತಲೆ ಎತ್ತಿದಳು. “ಜಟ್ಟೆಪ್ಪಗ ಯಾಕ್ರಿ? ಪೂಜಿ ದಿನ ಅಂವ ಹೊಸ್ತಿಲ ದಾಟಿಲ್ಲ.”

“ಅದು ನನಗೂ ಗೊತ್ತು.”

ಆಮೇಲೆ ಆಕೆ ನಿಲ್ಲಿಸದೆ ಹೇಳಿದಳು. ಗಂಡ ಹೊಲಕ್ಕೆ ಹೋದರೆ ಬಂದೂಕು ಹೊಲಕ್ಕೆ, ಪೇಟೆಗೆ ಹೋದರೆ ಪೇಟೆಗೆ, ಮಲಗಿದರೆ ಇಬ್ಬರ ನಡುವೆ. ಹಾಸಿಗೆಯಲ್ಲಿ ಮಗ್ಗುಲಾದಾಗ ಕಬ್ಬಿಣ ತಣ್ಣಗೆ ಬೆನ್ನಿಗೆ ತಾಗುತ್ತಿತ್ತು. ಪರವಾನಗಿ ಕೊಡುವ ಕಚೇರಿಗೆ ಅರ್ಜಿ ಕೊಟ್ಟಿದ್ದಳು. ಕಾಗದಗಳು ಸರಿಯಾಗಿವೆ, ಇದು ಮನೆಯ ಜಗಳ ಎಂದು ಕಳಿಸಿದ್ದರು. ವರ್ಷದಲ್ಲಿ ಒಂದೇ ಒಂದು ರಾತ್ರಿ, ಒಂದು ಹಗಲು ಅವನು ಅದನ್ನು ಮುಟ್ಟುವುದಿಲ್ಲ. ಆ ದಿನಕ್ಕೆ ಕಾದಿದ್ದಳು. ನವಮಿಯ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಒನಕೆ ಸುತ್ತಿಟ್ಟು, ಬಂದೂಕನ್ನು ಜೋಳದ ಸೊಪ್ಪೆಯ ಸಿವುಡಿನಲ್ಲಿ ಕಟ್ಟಿ, ದನಕ್ಕೆ ಮೇವು ಹಾಕುವವಳಂತೆ ಹೊರಟು, ಹೊಲದ ಹಾಳುಬಾವಿಗೆ ಎಸೆದಿದ್ದಳು.

“ನೀರಾಗ ಬಿದ್ರ ಕೆಡತೈತಿ ಅಂದ್ಕೊಂಡೆ. ಮತ್ತೇನೂ ಮಾಡಬೇಕಂತ ಇರಲಿಲ್ರಿ.”

“ಗಂಡನ ಮ್ಯಾಲ ದೂರು ಕೊಡು. ಈಗ ಬರ್ಕೊಂತೇನಿ.”

“ಕೊಟ್ಟು ಯಾವ ಮನೀಗೆ ಹೋಗ್ಲಿ?”

ಬಿಸ್ಮಿಲ್ಲಾಬಿ ಇನ್ಸ್‌ಪೆಕ್ಟರರ ಮುಖ ನೋಡಿದಳು. ಅವರು ಹೊಲದ ಕಡೆ ನೋಡುತ್ತಿದ್ದರು.

ಮರುದಿನ ಆಕೆಯ ಹೇಳಿಕೆಯಂತೆ, ಪಂಚರ ಎದುರು, ಕೊಕ್ಕೆಗಳ ಪಾತಾಳಗರಡಿ ಇಳಿಸಿ ಬಂದೂಕನ್ನು ಮೇಲೆತ್ತಿದರು. ಕಾಡತೂಸು ಒಳಗೇ ಇತ್ತು. ಪುಷ್ಪಲತಾಳನ್ನು ದಸ್ತಗಿರಿ ಮಾಡಿದರು, ಜಟ್ಟೆಪ್ಪನನ್ನು ಬಿಟ್ಟರು. ಅವನು ಯಾರನ್ನೂ ನೋಡದೆ ಚಪ್ಪಲಿ ಕೈಯಲ್ಲೇ ಹಿಡಿದು ಹೊರಟ. ಬಂದೂಕನ್ನು ಪರೀಕ್ಷೆಗೆ ಹಾವೇರಿಗೆ ಒಯ್ದರು. ಅಲ್ಲಿಯ ಆಯುಧಗಾರ ನಳಿಗೆ ಒರೆಸಿ, ಎಣ್ಣೆ ಬಿಟ್ಟು, ಒಂದು ಗುಂಡು ಹಾರಿಸಿ ನೋಡಿದ. ಹೊಸದರಂತೆ ಕೆಲಸ ಮಾಡುತ್ತದೆ ಎಂದು ವರದಿ ಕೊಟ್ಟ.

ವೀರೇಂದ್ರ ಠಾಣೆಗೆ ಓಡಿ ಬಂದ. ಮನೆಯ ಮಾತು, ಕೇಸು ಮುಚ್ಚಿಬಿಡಿ ಎಂದ. ಪರವಾನಗಿ ಇಲ್ಲದೆ ಬಂದೂಕು ಸಾಗಿಸಿದ್ದು ಆಯುಧ ಕಾಯ್ದೆಯಡಿ ಅಪರಾಧ, ದೂರುದಾರ ಹಿಂದೆ ಸರಿದರೂ ಕೇಸು ಸರಿಯುವುದಿಲ್ಲ ಎಂದರು ಉಡಚಪ್ಪ.

“ಆತು. ನನ್ನ ಬಂದೂಕು ಯಾವಾಗ ಕೊಡ್ತೀರಿ?” ಎಂದ ಅವನು. ಹೆಂಡತಿ ಎಲ್ಲಿದ್ದಾಳೆ ಎಂದು ಕೇಳಲಿಲ್ಲ.

ಗುಂಡು ತುಂಬಿದ ಬಂದೂಕನ್ನು ಜೀಪಿನಲ್ಲಿ, ಹಾಸಿಗೆಯಲ್ಲಿ, ದೇವರ ಮುಂದೆ ಬಿಟ್ಟವನು ಎಫ್‌ಐಆರ್‌ನಲ್ಲಿ ಫಿರ್ಯಾದಿ. ಅದರಿಂದ ಗುಂಡು ತೆಗೆದಿಡುವ ದಾರಿ ಕಾಣದೆ ಬಾವಿ ಹುಡುಕಿದವಳು ಆರೋಪಿ. ಪರವಾನಗಿ ರದ್ದು ಮಾಡಬೇಕೆಂದು ಉಡಚಪ್ಪ ಜಿಲ್ಲೆಗೆ ಬರೆದರು, ಬಾಗಿಲ ತೂತುಗಳ ಫೋಟೋ ಲಗತ್ತಿಸಿದರು. ಪರವಾನಗಿದಾರನೇ ಕಳ್ಳತನದಿಂದ ನೊಂದವನಾದ್ದರಿಂದ ವಿಚಾರಣೆ ಮುಗಿದ ಮೇಲೆ ಪರಿಶೀಲಿಸಲಾಗುವುದು ಎಂದು ಕೆಲವು ದಿನಗಳ ಮೇಲೆ ಉತ್ತರ ಬಂತು.

ದಸ್ತಗಿರಿಯ ದಿನ, ಸುದ್ದಿ ಯಾರಿಗೆ ತಿಳಿಸಬೇಕೆಂದು ಬಿಸ್ಮಿಲ್ಲಾಬಿ ಕೇಳಿದಾಗ ಪುಷ್ಪಲತಾ ತವರಿನ ಹೆಸರನ್ನೂ ಹೇಳಲಿಲ್ಲ, ಗಂಡನ ಹೆಸರನ್ನೂ ಹೇಳಲಿಲ್ಲ. ಕೋರ್ಟಿಗೆ ಹೊರಟ ವ್ಯಾನಿನಲ್ಲಿ ಒಂದೇ ಮಾತು ಕೇಳಿದಳು.

“ಸಾಹೇಬ್ರ, ಕೋರ್ಟಿನಿಂದ ಮನೀಗೆ ಮೊದಲ ಯಾರನ್ನ ಬಿಡ್ತಾರ್ರಿ? ನನ್ನನ್ನೋ, ಬಂದೂಕನ್ನೋ?”

ಉಡಚಪ್ಪ ಗಾಡಿ ಬಿಡು ಎಂದು ಗಿರಿಯಪ್ಪನಿಗೆ ಹೇಳಿದರು.

ನವೆಂಬರಿನಲ್ಲಿ, ಮಾಲೀಕನ ಮುಚ್ಚಳಿಕೆ ಬರೆಸಿಕೊಂಡು, ಕೋರ್ಟು ಬಂದೂಕನ್ನು ವೀರೇಂದ್ರನಿಗೆ ಕೊಟ್ಟಿತು. ಸುದ್ದಿ ಮುಟ್ಟಿಸಲು ಬಿಸ್ಮಿಲ್ಲಾಬಿ ಜೈಲಿಗೆ ಹೋದ ದಿನವೇ ವಕೀಲ ಜಾಮೀನಿನ ಕಾಗದ ಹಿಡಿದು ಬಂದಿದ್ದ. ಗಂಡನೇ ಅವನನ್ನು ಕಳಿಸಿದ್ದ, ಮನೆಯಲ್ಲಿ ಅಡುಗೆಗೆ ತೊಂದರೆಯಾಗಿದೆಯೆಂದು.

ಪುಷ್ಪಲತಾ ಸಹಿ ಹಾಕಲಿಲ್ಲ.