ಕಂದು ಹೊದಿಕೆಯ ಡ್ರಿಪ್

“ಒಂದೇ ಒಂದು ಮಾತು ಹೇಳಿಬಿಡಿ! ನಮ್ಮಮ್ಮನ ಡ್ರಿಪ್‌ನಲ್ಲಿರೋದು ಔಷಧಿನಾ, ಬರೀ ಉಪ್ಪುನೀರಾ?”

ಐಸಿಯು ಡಾಕ್ಟರ್ ಔಷಧ ತಯಾರಿಸುವ ಕೋಣೆಯ ಬಾಗಿಲಲ್ಲಿ ನಿಂತು ಅಂಗಲಾಚುತ್ತಿದ್ದ. ಒಳಗಿದ್ದ ಫಾರ್ಮಸಿಸ್ಟ್ ಹುಡುಗಿ ಗ್ಲೌಸು ಹಾಕಿದ ಕೈಯಿಂದ ತುಂಬುತ್ತಿದ್ದ ಡ್ರಿಪ್ ಕೆಳಗಿಟ್ಟಳು.

ಅಯ್ಯೋ, ಬೇರೇನು ಕೇಳಿದ್ದರೂ ಕೊಟ್ಟುಬಿಡುತ್ತಿದ್ದಳು! ಮನಸ್ಸನ್ನೇ ಕೊಟ್ಟು ಕೂತಿದ್ದಾಳೆ, ಆ ಮಹಾರಾಯನಿಗೆ ಗೊತ್ತಾದರೆ ತಾನೇ?

ವಿಷಯ ಇಷ್ಟೇ. ಸಾವು ಬದುಕಿನ ನಡುವೆ ಇರುವವರಿಗೆ ಎಂದಿನ ಚಿಕಿತ್ಸೆಯ ಜೊತೆ ಸೆಲೆನಿಯಮ್, ಸತು, ವಿಟಮಿನ್ ಸಿ ಹೆಚ್ಚಾಗಿ ಕೊಟ್ಟರೆ ಬೇಗ ಚೇತರಿಸಿಕೊಳ್ಳುತ್ತಾರಾ? ಅದರ ಪರೀಕ್ಷೆ ನಡೆದಿತ್ತು. ಅರ್ಧ ಜನಕ್ಕೆ ಅದು, ಉಳಿದವರಿಗೆ ಉಪ್ಪುನೀರು. ಬಣ್ಣ ಕಾಣದಂತೆ ಎರಡಕ್ಕೂ ಕಂದು ಹೊದಿಕೆ. ಯಾರಿಗೆ ಯಾವುದು ಅನ್ನುವುದು ತುಂಬಿಕೊಡುವ ಇವಳೊಬ್ಬಳಿಗೇ ಗೊತ್ತು; ಡಾಕ್ಟರಿಗೆ ಹೇಳಿದರೂ ಪರೀಕ್ಷೆ ಕೆಟ್ಟಂತೆಯೇ. ಅವನ ಅಮ್ಮ ಪ್ರಜ್ಞೆ ಇದ್ದಾಗಲೇ ತಾವಾಗಿ ಒಪ್ಪಿ ಸೇರಿದ್ದರು.

“ಹೇಳೋಕಾಗಲ್ಲ ಡಾಕ್ಟ್ರೇ.”

“ನಿಮ್ಮಮ್ಮನೇ ಆಗಿದ್ದಿದ್ರೆ?”

“ಆಗ್ಲೂ ಹೇಳ್ತಿರ್ಲಿಲ್ಲ.”

“ನಿಮ್ಮದೇನು ಕಲ್ಲಿನ ಹೃದಯನಾ!” ಎಂದವನೇ ಹೊರಟುಹೋದ. ಆಮೇಲೆ ಎದುರಿಗೆ ಸಿಕ್ಕರೂ ಮುಖ ತಿರುಗಿಸಿದ.

ಆ ತಾಯಿಯದು ಉಪ್ಪುನೀರು! ‘ನಾನೇ ತುಂಬ್ತಿದ್ದೀನಿ... ಅವರಿಗೇನಾದ್ರೂ ಆದ್ರೆ?’ ಪ್ರತಿಸಲ ಕಣ್ಣು ತುಂಬುತ್ತಿತ್ತು. ಬದಲಾಯಿಸಲು ಎಷ್ಟು ಹೊತ್ತು? ಆದರೂ ಬದಲಾಯಿಸಲಿಲ್ಲ, ನೋಡಿ.

ಅಮ್ಮ ಗುಣವಾಗಿ ಮನೆಗೆ ಹೋದರು. ಇವನಂತೂ, “ಆ ಡ್ರಿಪ್ಪೇ ಉಳಿಸಿದ್ದು! ಪರೀಕ್ಷೆ ಸಾಕು, ಎಲ್ಲರಿಗೂ ಅದನ್ನೇ ಕೊಡೋಣ!” ಎಂದು ಆಸ್ಪತ್ರೆಯಿಡೀ ಸಾರಿಕೊಂಡು ಬಂದ. ಅವಳು ಆಗಲೂ ತುಟಿ ಬಿಚ್ಚಲಿಲ್ಲ.

ಕೊನೆಗೊಂದು ದಿನ ಪರೀಕ್ಷೆ ಮುಗಿದು, ಯಾರಿಗೆ ಯಾವುದು ಅನ್ನುವ ಗುಟ್ಟನ್ನು ಸಭೆಯಲ್ಲಿ ಬಿಚ್ಚಿದರು. ಔಷಧಿ ಪಡೆದವರಿಗೂ ಪಡೆಯದವರಿಗೂ ಏನೂ ವ್ಯತ್ಯಾಸವಿಲ್ಲ!

ಅವನು ನೇರ ಅವಳ ಕೋಣೆಗೆ ಓಡಿಬಂದ.

“ಅಮ್ಮಂಗೆ ಕೊಟ್ಟಿದ್ದು ಉಪ್ಪುನೀರಂತೆ...”

“ಹೂಂ.”

“ಅವತ್ತು ನೀವು ಹೇಳಿದ್ದಿದ್ರೆ, ಜಗಳ ಮಾಡಿ ಔಷಧಿ ಹಾಕಿಸ್ತಿದ್ದೆ. ಅಮ್ಮ ಎದ್ದು ಕೂತ ತಕ್ಷಣ ಇದೇ ಸಂಜೀವಿನಿ ಅಂತ ಎಷ್ಟು ಜನಕ್ಕೆ ಚುಚ್ಚಿಸ್ತಿದ್ನೋ! ಅಂಥ ನಿಮ್ಮನ್ನ ಬಾಯಿಗೆ ಬಂದಂಗೆ ಅಂದುಬಿಟ್ಟೆ. ನನ್ನ ಕ್ಷಮಿಸ್ತೀರಾ?”

ತಡೆದಿದ್ದ ಕಣ್ಣೀರು ಈಗ ಧಾರಾಕಾರ. ಆದರೂ ತಲೆ ಎತ್ತಿಯೇ ನಿಂತಳು.

“ತುಂಬಾ ಅತ್ತಿದ್ದೀನಿ ಡಾಕ್ಟ್ರೇ. ಆದ್ರೆ ಕೆಲಸದಲ್ಲಿ ಮೋಸ ಮಾಡ್ಲಿಲ್ಲ.”

“ಗೊತ್ತು. ಅದಕ್ಕೇ... ಇವಳು ನನ್ನವಳು ಅಂತ ಹೆಮ್ಮೆಯಿಂದ ಹೇಳ್ಕೊಳ್ಲಾ?”

ಅವಳು ಕಣ್ಣೊರೆಸಿಕೊಂಡಳು. “ಮೊದ್ಲು ನಿಮ್ಮಮ್ಮಂಗೆ ಹೇಳಿ.”

“ಬರ್ತಾ ಫೋನಲ್ಲೇ ಎಲ್ಲಾ ಹೇಳ್ದೆ, ಅವರೇ ಕಳಿಸಿದ್ದು! ‘ಅಂಥ ಹುಡುಗೀನ ಕರ್ಕೊಂಡು ಬಾ, ಇಲ್ಲಾ ನೀನೂ ಮನೆಗೆ ಬರಬೇಡ’ ಅಂದ್ರು.”

“ಹಾಗಾದ್ರೆ ನಡೀರಿ,” ಎಂದು ಗ್ಲೌಸ್ ಕಳಚಿ ಅವನ ಕೈ ಹಿಡಿದಳು. “ಪಾಪ, ನಿಮ್ಮನ್ನ ಬೀದಿಗೆ ಬಿಡೋಕಾಗುತ್ತಾ?”