ಸತ್ತವಳ ನೂಲಿಗೆ ಗಂಟು

“ಮಗ್ಗದ ಮೇಲಿರೋ ಆ ಹಾಸುನೂಲನ್ನ ಕತ್ತರಿಸಿ ಸುಟ್ಟುಬಿಡಪ್ಪ. ನಿನ್ನ ಸೋದರತ್ತೆ ಮಾಟ ಮಾಡಿ ತನ್ನ ಉಸಿರನ್ನ ಅದರಲ್ಲಿ ಕಟ್ಟಿಟ್ಟು ಸತ್ತಿದಾಳೆ. ಆ ನೂಲಿಗೆ ಗಂಟು ಹಾಕಿದವರ ಉಸಿರು ಅವಳ ಪಾಲು,” ಎಂದ ಮುದಿ ಬಣ್ಣಗಾರ, ಹೊಸ್ತಿಲು ದಾಟದೆ.

ನೇಕಾರ ಬಿದ್ದು ಬಿದ್ದು ನಕ್ಕ. “ನಾಲ್ಕು ಮೆಟ್ಟಿಲು ಹತ್ತೋಕೆ ಏದುಸಿರು ಬಿಡ್ತಿದ್ಲು, ತಾತ. ಕಟ್ಟಿಡೋಕೆ ಉಸಿರೆಲ್ಲಿತ್ತು?”

ಅತ್ತೆಯ ಮಗ್ಗ ಅವನ ಕೈಗೆ ಬಂದು ಎರಡೇ ದಿನ. ಅವಳು ನೇಯುತ್ತಲೇ ಸತ್ತ ಪರದೆಬಟ್ಟೆ ಅದರ ಮೇಲೇ ಇತ್ತು. ಅದರ ತುದಿಯಲ್ಲಿ, ಇನ್ನೂ ನೇಯದ ಹಾಸಿನ ಉದ್ದೆಳೆಗಳು ಗೇಣುದ್ದ ಉಳಿದಿದ್ದವು. ಹೊಸ ಎಳೆಗಳನ್ನು ಒಂದೊಂದಾಗಿ ಮಗ್ಗದ ಹಣಿಗೆಯ ಹಲ್ಲುಗಳ ಸಂದಿಗೆ ಪೋಣಿಸಲು ವಾರ ಹಿಡಿಯುತ್ತದೆ. ಹಳೆಯ ತುದಿಗಳಿಗೆ ಗಂಟು ಹಾಕಿ ಎಳೆದುಕೊಂಡರೆ ಒಂದೇ ದಿನ. ಮೈಗಳ್ಳನಿಗೆ ದಾರಿ ಬಲು ಬೇಗ ಹೊಳೆಯುತ್ತದೆ. ಗಂಟು ಹಾಕಲು ಹೆಂಡತಿಯನ್ನು ಕೂರಿಸಿದ. ಅವಳು ಬೆರಳಿಗೆ ಎಂಜಲು ಹಚ್ಚಿಕೊಳ್ಳುತ್ತ, ಅವನನ್ನು ರೇಗಿಸುತ್ತ, ಸಾವಿರ ಗಂಟು ಹಾಕಿದಳು.

ಮರುದಿನ ಮಗ್ಗ ಓಡಿತು. ಲಟಕ್, ಪಟಕ್. ಒಂದೇ ಕಿಟಕಿಯ ಆ ಕೋಣೆಯಲ್ಲಿ ಗಂಜಿಯ ವಾಸನೆಯ ಜೊತೆಗೆ ಇನ್ನೊಂದು ವಾಸನೆ ಎದ್ದಿತು, ಮುದುಕಿಯ ಹಳಸಿದ ಬಾಯಿಯದು. ಅವನು ಒಂದು ಮೊಳ ನೇಯುವಷ್ಟರಲ್ಲಿ ಹೆಂಡತಿಗೆ ದಮ್ಮು ಕಟ್ಟಿತು. ಎರಡನೆಯ ಮೊಳಕ್ಕೆ ಮಾತು ನಿಂತಿತು. ಮೂರಕ್ಕೆ ತುಟಿ ನೀಲಿಯಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಹಾಗೆ ಅವನು ಬಣ್ಣಗಾರನ ಬಾಗಿಲಿಗೆ ಓಡಿದ.

“ನೀನು ನೇಯ್ದಿದ್ದನ್ನೆಲ್ಲ ಬಿಚ್ಚು, ಹೆಂಡತಿ ಉಸಿರು ನೂಲಿಂದ ಬಿಡಿಸ್ಕೊಳ್ಳುತ್ತೆ. ಗಂಟಿನ ಸಾಲು ಕಂಡ ಕೂಡಲೇ ನಿಲ್ಲಿಸು. ಅದರಾಚೆ ಅತ್ತೇದು. ಅವಳದನ್ನ ಬಿಚ್ಚಿದ್ರೆ ಅವಳೇ ಬರ್ತಾಳೆ!”

ಬಿಚ್ಚತೊಡಗಿದ. ಅಡ್ಡಕ್ಕೆ ನೇಯ್ದ ಹೊಕ್ಕಿನ ನೂಲು ಕಾಲಡಿ ರಾಶಿ ಬಿತ್ತು. ಚಾಪೆಯ ಮೇಲೆ ಹೆಂಡತಿಯ ಎದೆ ಏರಿತು, ಇಳಿಯಿತು. ಅವಳಿಲ್ಲದೆ ತನಗೊಂದು ಬದುಕಿಲ್ಲವೆಂದು ಅವನಿಗೆ ಆಗಲೇ ಗೊತ್ತಾದದ್ದು. ಅಳುತ್ತ ಬಿಚ್ಚಿದ.

ಗಂಟಿನ ಸಾಲು ಬಂತು. ಕೈ ತೆಗೆದ.

ನೂಲು ನಿಲ್ಲಲಿಲ್ಲ.

ಸರ್ರನೆ ತಾನಾಗಿ ಬಿಚ್ಚಿಕೊಂಡಿತು. ಹಿಡಿದ. ಅಂಗೈ ಸೀಳಿತು. ಹಲ್ಲಿನಿಂದ ಕಚ್ಚಿದ. ಜಾರಿತು. ಅತ್ತೆಯ ಬಟ್ಟೆ ಗೇಣು ಗೇಣಾಗಿ ಕರಗಿತು. ಕೊನೆಯ ಎಳೆ ಕಳಚಿತು.

ಹೆಂಡತಿ ಎದ್ದು ಕೂತಳು. ಕೆನ್ನೆಗೆ ರಕ್ತ ಬಂದಿತ್ತು. ನಾಲ್ಕು ಮೆಟ್ಟಿಲು ಹತ್ತಿದವಳಂತೆ ಏದುಸಿರು ಬಿಡುತ್ತ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕಳು.

“ಎಷ್ಟು ಸೊರಗಿದೀಯೋ, ಅಳಿಯಾ.”

ಅವನು ಹಿಂದೆ ಸರಿದ. ಕಾಲು ನೂಲಿನ ರಾಶಿಯನ್ನು ತುಳಿಯಿತು. ಅದರೊಳಗಿಂದ, ಬಾಯಿಗೆ ಬಟ್ಟೆ ತುರುಕಿದಂಥ ದನಿಯಲ್ಲಿ, ಅವನ ಹೆಂಡತಿ ನೋವಿಗೆ ಚೀರಿದಳು.