ಬಾನೆಟ್ಟಿನ ಕೆಳಗಿನ ಚೊಂಬು

"ಇದರ ಎಂಜಿನ್ ತೆಗ್ದು ಬೇರೆ ಹಾಕ್ಬೇಕು ಮೇಡಂ."

ಮೊದಲ ಭೇಟಿಯಲ್ಲಿ ಅವನು ಆಡಿದ ಮೊದಲ ಮಾತೇ ಅದು!

ಸಾಹಿತ್ಯಳ ಕೈಯಿಂದ ಕೀ ಜಾರಿ ಬಿತ್ತು. ವಾನ್ ಪಟ್ಟಣದ ಆ ರಿಪೇರಿ ಶೆಡ್ಡಿನಲ್ಲಿ ನಿಂತಿದ್ದದ್ದು ಅವಳ ಗಂಡ ರೋಹಿತ್‌ನ 1967ರ ಮಸ್ಟಾಂಗ್. ನೀಲಿ ಬಣ್ಣದ, ಛಾವಣಿ ಮಡಚುವ ಗಾಡಿ. ರೋಹಿತ್ ತೀರಿಕೊಂಡು ಎರಡು ಚಳಿಗಾಲ ಕಳೆದಿದ್ದವು. ಅಂದಿನಿಂದ ಗಾಡಿ ಮಿಲ್ಟನ್ನಿನಲ್ಲಿದ್ದ ಅವರ ಮನೆಯ ಗ್ಯಾರೇಜಿನಲ್ಲಿ ಹೊದಿಕೆಯ ಕೆಳಗೇ ಇತ್ತು.

ಆ ಎಂಜಿನ್ ಸದ್ದನ್ನು ಮತ್ತೆ ಕೇಳಬೇಕು... ಒಂದೇ ಒಂದು ಸಲ. ಅಷ್ಟಕ್ಕೇ ಬಂದಿದ್ದಳು.

"ಯಾಕೆ? ಏನಾಗಿದೆ ಅದಕ್ಕೆ?"

ಮೆಕ್ಯಾನಿಕ್ ವಿಶಾಲ್ ಬಾನೆಟ್ಟಿನೊಳಗೆ ಮತ್ತೊಮ್ಮೆ ಕೈ ಇಳಿಸಿದ. ಅವಳಿಗೆ ಬೆನ್ನು ಹಾಕಿ ಏನನ್ನೋ ತೆಗೆದು ಬದಿಗಿಟ್ಟ.

"ಹಳತಾಯ್ತಲ್ಲ ಮಾರಾಯ್ರೆ. ಇನ್ನು ಅದರಿಂದ ಆಗ್ಲಿಕ್ಕಿಲ್ಲ."

"ಹಳೇದಾದ್ರೆ ಕಿತ್ತು ಎಸೀತೀರಾ? ಪ್ರತಿ ಭಾನುವಾರ ರೋಹಿತ್ ತನ್ನ ಕೈಯಾರೆ ಒರೆಸ್ತಿದ್ದ ಎಂಜಿನ್ ರೀ ಅದು! ನಂಗೆ ಅದೇ ಬೇಕು."

ಅವನು ಕೆಳಗೆ ಬಿದ್ದಿದ್ದ ಕೀ ಎತ್ತಿ, ಅಂಗಿಗೆ ಒರೆಸಿ ಅವಳ ಕೈಗಿಟ್ಟ.

'ಕನ್ನಡ ಸಂಘದ ಊಟದಲ್ಲಿ ಇವನನ್ನೇ ಅಷ್ಟು ಹೊಗಳಿದ್ದು? ಉಡುಪಿಯವನು, ಹಳೇ ಗಾಡಿ ಅಂದ್ರೆ ಪ್ರಾಣ ಬಿಡ್ತಾನೆ ಅಂತ?'

ಮನೆಗೆ ಹೋಗುವ ರೈಲಿನಲ್ಲಿ ಅತ್ತಿಗೆ ರತ್ನಾಳ ಫೋನು. "ಎಷ್ಟು ದಿನ ಅಂತ ಹಿಂಗೇ ಇರ್ತೀಯಾ ಸಾಹಿತ್ಯ? ಹೊಸದಾಗಿ ಲೈಫ್ ಶುರು ಮಾಡೇ."

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಈಗ ಗಾಡಿಗೂ ಅದೇ ಬುದ್ಧಿವಾದ!

ವಾರದ ನಂತರ ವಿಶಾಲ್‌ನ ಮೆಸೇಜು ಬಂತು.

"ಮೂರು ದಾರಿ ಉಂಟು. ಒಂದು, ಫ್ಯಾಕ್ಟರಿಯಿಂದ ಬರುವ ಹೊಸ ಎಂಜಿನ್. ಮೈನಸ್ ಇಪ್ಪತ್ತರ ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್. ಎರಡು, ಬ್ಯಾಟರಿ ಮೋಟಾರು. ಸದ್ದೇ ಇಲ್ಲ. ಮೂರು, ಇದೇ 1967ರ ಇನ್ನೊಂದು ಗಾಡಿಯದ್ದು. ಆ ಗಾಡಿ, ಹಿಮ ಕರಗ್ಲಿಕ್ಕೆ ರಸ್ತೆಗೆ ಹಾಕುವ ಉಪ್ಪಿಗೆ ತುಕ್ಕು ಹಿಡಿದು ಹೋಯ್ತು. ಎಂಜಿನ್ ಮಾತ್ರ ಗಟ್ಟಿ ಉಂಟು."

ಅವಳು ಬರೆದಳು: "ನಾಲ್ಕನೆಯದು, ನನ್ನ ಗಾಡಿ ವಾಪಸ್ ಕೊಡಿ."

ಶನಿವಾರ ಅವಳು ಶೆಡ್ಡಿಗೆ ಬಂದಾಗ ವಿಶಾಲ್ ಯಾವುದೋ ಕಾರಿನ ಅಡಿಯಲ್ಲಿದ್ದ. "ಒಂದ್ನಿಮಿಷ, ಬಂದೆ" ಎಂದು ಕೂಗಿದ.

ಅವಳು ಗೋಡೆಯ ಹಲಗೆಯತ್ತ ನೋಡಿದಳು. ಆಯಿಲ್ ಡಬ್ಬಗಳ ಸಾಲಿನ ಕೊನೆಯಲ್ಲಿ ಒಂದು ಸ್ಟೀಲಿನ ಚೊಂಬು. ಬೆಳಗಿ, ಬಟ್ಟೆಯ ಮೇಲೆ ಬೋರಲು ಹಾಕಿತ್ತು. ಅದರ ಕುತ್ತಿಗೆಯ ಸುತ್ತ ಚುಕ್ಕೆ ಚುಕ್ಕೆಯಾಗಿ ಕೆತ್ತಿದ ಹೆಸರು...

ಜಯಶೀಲಾ.

ಅವಳ ಅಮ್ಮನ ಹೆಸರು! ಎರಡು ವರ್ಷದಿಂದ ಮನೆಯೆಲ್ಲ ಹುಡುಕಿದರೂ ಸಿಗದ ಚೊಂಬು.

ಆಗ ನೆನಪಾಯಿತು.

ಆ ಅಕ್ಟೋಬರ್. ರೋಹಿತ್ ಎಂಜಿನ್ ತಂಪಿಡುವ ಹಳೆಯ ಕೂಲೆಂಟ್ ದ್ರವ ಇಳಿಸಿದ್ದ. ಹೊಸದನ್ನು ಹಾಕುವ ಮೊದಲೇ ಆಸ್ಪತ್ರೆ ಸೇರಿದ. "ಗಾಡಿ ನೋಡ್ಕೊ ಸಾಹಿ" ಎಂದಿದ್ದ. ಅವಳು ಬಾನೆಟ್ ಎತ್ತಿ ನೋಡಿದರೆ ರೇಡಿಯೇಟರ್ ಖಾಲಿ. ಮೈಸೂರಿನಲ್ಲಿ ಅಪ್ಪ ದಿನಾ ಬೆಳಿಗ್ಗೆ ತಮ್ಮ ಫಿಯಟ್ಟಿಗೆ ನೀರು ಹಾಕುತ್ತಿದ್ದರು. ಪಕ್ಕದಲ್ಲಿ ಚೊಂಬು ಹಿಡಿದು ನಿಲ್ಲುವುದು ಅವಳ ಕೆಲಸ. ಅದೇ ಅಭ್ಯಾಸದಲ್ಲಿ, ನಲ್ಲಿಯಿಂದ ಹಿಡಿದು ಹಿಡಿದು, ತುಂಬುವವರೆಗೂ ಸುರಿದಿದ್ದಳು.

ಜನವರಿಯಲ್ಲಿ ರೋಹಿತ್ ಹೋದ. ಗ್ಯಾರೇಜಿಗೆ ಹೀಟರ್ ಇರಲಿಲ್ಲ.

ನೀರು ಹೆಪ್ಪುಗಟ್ಟಿದರೆ ಉಬ್ಬುತ್ತದೆ, ಕಬ್ಬಿಣವನ್ನೂ ಸೀಳುತ್ತದೆ. ಎಂಎಸ್ಸಿ ಓದಿದವಳಿಗೆ ಅಂದು ಅದು ಹೊಳೆಯಲೇ ಇಲ್ಲ!

"ಎಂಜಿನ್ ಸೀಳಿದೆ. ಅಲ್ವಾ?" ಅವಳು ಚೊಂಬನ್ನು ಕೈಗೆತ್ತಿಕೊಂಡು ಕೇಳಿದಳು.

ಕಾರಿನ ಅಡಿಯಿಂದ ಎದ್ದು ಬಂದ ವಿಶಾಲ್ ಅವಳ ಕೈಯಲ್ಲಿದ್ದ ಚೊಂಬು ನೋಡಿದ. ತಲೆಯಾಡಿಸಿದ.

"ಉದ್ದಕ್ಕೆ ಬಿರುಕು ಉಂಟು."

"ಒಡೆದದ್ದು ನಾನು... ನೋಡ್ಕೊ ಅಂದಿದ್ದ. ನಾನೇ ಒಡೆದೆ."

"ಒಡೆದದ್ದು ಚಳಿ. ನೀವು ನೀರು ಕೊಟ್ಟದ್ದು ಅಷ್ಟೇ."

"ಅವತ್ತೇ ಗೊತ್ತಾಗಿತ್ತಾ ನಿಮಗೆ?"

"ಬ್ಯಾಟರಿ ಪಕ್ಕದಲ್ಲಿ ಚೊಂಬು ಇತ್ತಲ್ಲ."

"ಮತ್ತೆ ಹೇಳ್ಬಾರದಿತ್ತಾ? ನಾನು ಎಷ್ಟು ಬೈದೆ!"

"ಬೈದ್ರಿ. ಬೈಸಿಕೊಂಡದ್ದು ನನಗೇನೂ ಭಾರ ಆಗ್ಲಿಲ್ಲ. ಇದನ್ನು ಹೇಳಿದ್ರೆ ನಿಮಗೆ ಹೊರ್ಲಿಕ್ಕೆ ಆಗ್ತಿತ್ತಾ?"

ಎರಡು ವರ್ಷದಲ್ಲಿ ಮೊದಲ ಬಾರಿಗೆ ಸಾಹಿತ್ಯ ಅತ್ತಳು. ರೋಹಿತ್ ಹೋದ ದಿನವೂ ಬಾರದ ಅಳು. ವಿಶಾಲ್ ಒಂದು ಸ್ಟೂಲು ತಂದಿಟ್ಟ, ಅಷ್ಟೇ.

ಬಹಳ ಹೊತ್ತಿನ ಮೇಲೆ ಅವಳು ಕಣ್ಣೊರೆಸಿಕೊಂಡು ಕೇಳಿದಳು.

"ಆ ಮೂರನೇ ಎಂಜಿನ್... ಯಾರದ್ದು?"

ಅವನು ಮೂಲೆಯಲ್ಲಿದ್ದ ಟಾರ್ಪಲ್ ಸರಿಸಿದ. ಎಣ್ಣೆ ಹಚ್ಚಿಟ್ಟ ಎಂಜಿನ್, ಒಂದು ಚೂರು ತುಕ್ಕಿಲ್ಲ.

"ನನ್ನದೇ. ಈ ದೇಶಕ್ಕೆ ಬಂದು ತಕೊಂಡ ಮೊದಲ ಗಾಡಿಯದ್ದು. ಎಂಟು ವರ್ಷ ಆಯ್ತು, ಎಷ್ಟು ಜನ ಕೇಳಿದ್ರು. ಕೊಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

"ಈಗ ಬಂತಾ?"

ಅವನು ಅವಳನ್ನು ನೋಡಲಿಲ್ಲ. ಎಂಜಿನ್ ಮೇಲಿಲ್ಲದ ಧೂಳನ್ನು ಒರೆಸಿದ.

"ನೀವು ಅಷ್ಟು ಜೋರು ಮಾಡಿದ್ರಲ್ಲ, ಅವತ್ತೇ ಬಂತು."

ಅವಳು ಹಲಗೆಯ ಮೇಲೆ ಚೊಂಬನ್ನು ಮೊದಲಿದ್ದ ಹಾಗೇ ಬೋರಲು ಇಟ್ಟಳು.

"ಮೂರನೆಯದೇ ಹಾಕಿ."

ಜುಲೈಯ ಒಂದು ಶನಿವಾರ ಇಬ್ಬರನ್ನೂ ಹೊತ್ತು ಗಾಡಿ ಹೊರಟಿತು. ಛಾವಣಿ ಮಡಚಿ, ವಾನ್‌ನ ಉತ್ತರಕ್ಕೆ, ಜೋಳದ ಹೊಲಗಳ ನಡುವೆ. ಸಾಹಿತ್ಯ ಕಿವಿಗೊಟ್ಟಳು. ರೋಹಿತ್‌ನ ಎಂಜಿನ್ ಸದ್ದು ಚುರುಕಾಗಿತ್ತು, ಅವನ ಮಾತಿನ ಹಾಗೆ. ಇದು ತಗ್ಗು ದನಿ.

"ಬೇರೆ ಥರ ಇದೆ."

"ಹೌದು. ಅದು ಬರ್ಲಿಕ್ಕಿಲ್ಲ ಇನ್ನು."

"ಗೊತ್ತು..." ಅವಳು ಗಾಳಿಗೆ ಕೈ ಚಾಚಿದಳು. "ಸ್ವಲ್ಪ ದೂರ ಹೋಗೋಣ."

ಸಂಜೆ ಶೆಡ್ಡಿನಿಂದ ಅವಳು ಹೊರಡುವಾಗ ಅವನು ಚೊಂಬು ತಂದು ಕಿಟಕಿಯ ಬಳಿ ನಿಂತ.

"ಇದು ತಕೊಂಡು ಹೋಗಿ. ಹೆಸರು ಉಂಟಲ್ಲ, ನಿಮ್ಮ ಅಮ್ಮನದ್ದಾ?"

"ಇಲ್ಲೇ ಇರ್ಲಿ."

"ನನಗೆಂತಕ್ಕೆ?"

"ನಾನು ಬಂದಾಗ ಕುಡಿಯೋಕೆ ನೀರು ಕೊಡ್ಬೇಕಲ್ಲ!"

ಅವನು ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಯಾವಾಗ ಬರ್ತೀರಿ?"

"ನಾಳೆ ಭಾನುವಾರ... ಶೆಡ್ಡಿಗೆ ರಜೆ ಅಲ್ವಾ?"

"ಶೆಡ್ಡಿಗೆ ರಜೆ," ಎಂದ ವಿಶಾಲ್. "ನಾನು ಇರ್ತೇನೆ."